ಪಟೇಲರ ಸಂಬಳ

ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಕೌಂಟಿಯ ಷರೀಫನ ಸಂಬಳವನ್ನು ಗೊತ್ತುಮಾಡುವುದಕ್ಕೂ ಶಾಸನ ಬೇಕು. ಅದನ್ನು ಕೇಳಿದಾಗ ನನಗೆ ನೆನಪಾದವರು ನಮ್ಮ ವಸ್ತಾರೆ ಹೋಬಳಿಯ ಪಟೇಲರು. ಕಂದಾಯ ವಸೂಲು ಮಾಡುವುದು, ಕಳವು ಕೊಲೆಗಳ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುವುದು ಅವರ ಹೊಣೆ, ಲೆಕ್ಕ ಶಾನುಭೋಗರದು. ಓಡಾಟವೆಲ್ಲ ತಳವಾರ, ತೋಟಿಗಳದು. ಮನೆಗೊಂದು ಗುಡ್ಡವಿರುವ ಮಲೆನಾಡಿನಲ್ಲಿ, ಮುಂಗಾರಿನ ಜಡಿಮಳೆಯಲ್ಲಿ, ಆ ಓಡಾಟವೆಂದರೇನೆಂದು ಪೇಟೆಯ ಓದುಗರು ಊಹಿಸಿಕೊಳ್ಳಬೇಕು.

ಇವರ ನೇಮಕ, ವಂಶಪಾರಂಪರ್ಯದ ಹಕ್ಕುಗಳಿಗೆ 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆ ಕಟ್ಟುಪಾಡು ಹಾಕಿತ್ತು. ಪ್ರತಿಫಲವೋ, ಕೆಲವರಿಗೆ ಇನಾಮು ಜಮೀನು, ಕೆಲವರಿಗೆ ಪೋಟಗಿ ಎಂಬ ನಗದು. ಹೊಟ್ಟೆಪಾಡಿನ ಹಣವೆಂಬ ಅರ್ಥದ ಆ ಮರಾಠಿ ಮಾತೇ ಸಂಬಳದ ಅಳತೆಯನ್ನು ಹೇಳುತ್ತದೆ! ಪಟೇಲರಿಗೆ ಮರ್ಯಾದೆಯಾದರೂ ದಕ್ಕುತ್ತಿತ್ತು. ತೋಟಿಗೆ ಅದೂ ಇಲ್ಲ.

1961ರ ಕಾಯಿದೆ ಈ ಹುದ್ದೆಗಳನ್ನು ರದ್ದುಮಾಡಿತು. 1963ರ ಫೆಬ್ರವರಿ 1ರಂದು ಅದು ಜಾರಿಗೆ ಬಂತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ವಂಶದ ಹಕ್ಕು ಹೋದುದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಆದರೆ ಇನಾಮು ಜಮೀನು ಮೊದಲು ಸರ್ಕಾರಕ್ಕೆ ಸೇರಿ, ಹಣ ಕಟ್ಟಿದ ಮೇಲೆ ಹಳೆಯ ಹಿಡುವಳಿದಾರನಿಗೆ ಮರುಮಂಜೂರಾಗಬೇಕಿತ್ತು. ಕಾಗದಪತ್ರ ಬಲ್ಲವರಿಗೆ ಅದು ಸುಲಭ. ತಳವಾರಿಕೆ, ತೋಟಿಯ ಭೂಮಿಗಳ ವ್ಯಾಜ್ಯಗಳು ಮಾತ್ರ ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿದವು.