ಹಿಮಸಾಗರದ ಶೋಧಯಾತ್ರೆಗಳು ಮತ್ತು ಸಂದೇಶದ ಹಾದಿಗಳು

ವಾಯವ್ಯ ಮಾರ್ಗವನ್ನು, ಅಂದರೆ ಉತ್ತರ ಅಮೆರಿಕದ ಶಿರೋಭಾಗದ ದ್ವೀಪಗಳ ನಡುವೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್ ಸಾಗರಕ್ಕೆ ಸಾಗುವ ಜಲಪಥವನ್ನು ಅರಸಿ, 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ನೇತೃತ್ವದಲ್ಲಿ ‘ಎರೆಬಸ್’ ಮತ್ತು ‘ಟೆರರ್’ ಎಂಬ ಹಡಗುಗಳಲ್ಲಿ ಹೊರಟ 129 ಮಂದಿ ಕಣ್ಮರೆಯಾದರು. ರೇಡಿಯೊ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಅವರನ್ನು ಹುಡುಕಹೊರಟವರ ಮುಂದಿದ್ದುದು ಎರಡು ಪ್ರಶ್ನೆಗಳು: ಕಳೆದುಹೋದವರು ಎಲ್ಲಿದ್ದಾರೆ, ಮತ್ತು ನೆರವು ಎಲ್ಲಿದೆ ಎಂಬುದನ್ನು ಅವರಿಗೆ ತಿಳಿಸುವುದು ಹೇಗೆ.

ಎರಡನೆಯ ಪ್ರಶ್ನೆಗೆ ಹೂಡಿದ ಉಪಾಯಗಳು ಹಲವು. 1848–49ರ ಚಳಿಗಾಲವನ್ನು ಪೋರ್ಟ್ ಲಿಯೊಪೋಲ್ಡ್‌ನಲ್ಲಿ ಕಳೆದ ಜೇಮ್ಸ್ ಕ್ಲಾರ್ಕ್ ರಾಸ್‌ನ ತಂಡವು ಹಿಮನರಿಗಳನ್ನು ಹಿಡಿದು, ಹಡಗು ಮತ್ತು ಆಹಾರ ದಾಸ್ತಾನುಗಳ ಸ್ಥಳವನ್ನು ಕೊರೆದ ತಾಮ್ರದ ಪಟ್ಟಿಗಳನ್ನು ಅವುಗಳ ಕೊರಳಿಗೆ ಕಟ್ಟಿ ಬಿಟ್ಟಿತು. 1850ರ ನಂತರದ ತಂಡಗಳು ಜಲಜನಕ ತುಂಬಿದ ಬಲೂನುಗಳನ್ನು ಹಾರಿಸಿದವು. ಅವುಗಳಿಗೆ ಇಳಿಬಿಟ್ಟ ಬತ್ತಿ ನಿಧಾನವಾಗಿ ಉರಿಯುತ್ತ ಹೋದಂತೆ ಬಣ್ಣಬಣ್ಣದ ಸಂದೇಶದ ಚೀಟಿಗಳು ಒಂದೊಂದು ಕಂತೆಯಾಗಿ ಕಳಚಿ ಹಿಮದ ಮೇಲೆ ಚದುರುತ್ತಿದ್ದವು. ಆದರೆ ಗಾಳಿಯನ್ನೂ ಪ್ರಾಣಿಯ ಅಲೆದಾಟವನ್ನೂ ನೆಚ್ಚಿದ ಈ ಉಪಾಯಗಳಿಂದ ಫ್ರಾಂಕ್ಲಿನ್‌ನ ಸಂಗಡಿಗರಲ್ಲಿ ಯಾರೊಬ್ಬರೂ ಉಳಿಯಲಿಲ್ಲ.

ಫಲಿಸಿದ್ದು ಹಳೆಯ ಪದ್ಧತಿಯೇ: ದೂರದಿಂದ ಕಾಣುವ ಎತ್ತರದಲ್ಲಿ ಕಲ್ಲುಗಳನ್ನು ಗುಪ್ಪೆಯಾಗಿ ಪೇರಿಸಿ, ಅದರಲ್ಲಿ ಲಿಖಿತ ವರದಿಯನ್ನು ಇರಿಸುವುದು. ಮರ್ಸಿ ಕೊಲ್ಲಿಯಲ್ಲಿ ಮಂಜುಗಡ್ಡೆಗೆ ಸಿಕ್ಕಿಬಿದ್ದಿದ್ದ ಶೋಧನೌಕೆ ‘ಇನ್ವೆಸ್ಟಿಗೇಟರ್’ನ ನಾಯಕ ರಾಬರ್ಟ್ ಮೆಕ್‌ಕ್ಲೂರ್, 1852ರ ವಸಂತದಲ್ಲಿ ಮೆಲ್ವಿಲ್ ದ್ವೀಪದ ವಿಂಟರ್ ಹಾರ್ಬರ್‌ಗೆ ಜಾರುಬಂಡಿಯಲ್ಲಿ ಹೋಗಿ ಬರೆದಿಟ್ಟ ಪತ್ರ ಅದೇ ಶರತ್ಕಾಲದಲ್ಲಿ ಇನ್ನೊಂದು ತಂಡದ ಕೈಸೇರಿದ್ದರಿಂದಲೇ, 1853ರ ಏಪ್ರಿಲ್‌ನಲ್ಲಿ ಅವನ ಜನರಿಗೆ ನೆರವು ತಲುಪಿತು. 1859ರಲ್ಲಿ ಕಿಂಗ್ ವಿಲಿಯಂ ದ್ವೀಪದಲ್ಲಿ ದೊರೆತದ್ದೂ ಇಂಥದೇ ಪತ್ರ. ಕಂಡವರು ತಲುಪಿಸಲಿ ಎಂಬ ಕೋರಿಕೆಯನ್ನು ಆರು ಭಾಷೆಗಳಲ್ಲಿ ಅಚ್ಚು ಹಾಕಿದ್ದ ಆ ಹಾಳೆಯ ಅಂಚಿನಲ್ಲಿ, ಫ್ರಾಂಕ್ಲಿನ್ 1847ರ ಜೂನ್ 11ರಂದು ಮೃತನಾದನೆಂದೂ, ಬದುಕಿದ್ದ 105 ಮಂದಿ ಹಡಗುಗಳನ್ನು ತೊರೆದು ದಕ್ಷಿಣದತ್ತ ಹೊರಡುವರೆಂದೂ ಬರೆದಿತ್ತು.

ಆದರೆ ಸುದ್ದಿ ಇದಕ್ಕೂ ಮೊದಲೇ ಇಂಗ್ಲೆಂಡನ್ನು ಮುಟ್ಟಿತ್ತು. ಆ ನೆಲದ ಮೂಲನಿವಾಸಿಗಳಾದ ಇನುಯಿಟ್ ಜನರು, ಹಸಿವಿನಿಂದ ಕಂಗೆಟ್ಟ ಬಿಳಿಯರು ದೋಣಿಯನ್ನು ಎಳೆಯುತ್ತ ದಕ್ಷಿಣಕ್ಕೆ ನಡೆದು ಸತ್ತದ್ದನ್ನು 1854ರಲ್ಲಿ ಜಾನ್ ರೇ ಎಂಬ ಅನ್ವೇಷಕನಿಗೆ ತಿಳಿಸಿದ್ದರು, ಸತ್ತವರ ಬೆಳ್ಳಿಯ ಚಮಚಗಳನ್ನೂ ಅವನಿಗೆ ಮಾರಿದ್ದರು. ಹಸಿದವರು ಸತ್ತವರ ಮಾಂಸವನ್ನು ತಿಂದರೆಂಬ ಅವರ ಮಾತನ್ನು ಚಾರ್ಲ್ಸ್ ಡಿಕನ್ಸ್‌ನಂಥ ಲೇಖಕನೂ ಅಲ್ಲಗಳೆದನು. ಮುಂದೆ ಎಲುಬುಗಳ ಮೇಲೆ ಕಂಡ ಕತ್ತಿಯ ಗುರುತುಗಳು ಅದನ್ನು ದೃಢಪಡಿಸಿದವು. 2014ರಲ್ಲಿ ‘ಎರೆಬಸ್’ ಪತ್ತೆಯಾದದ್ದೂ ಇನುಯಿಟ್ ಹಿರಿಯರ ಬಾಯ್ಮಾತಿನಲ್ಲಿ ಉಳಿದುಬಂದ ಸುಳಿವುಗಳು ತೋರಿದ ಪ್ರದೇಶದಲ್ಲೇ. ಸಂದೇಶ ಸಾಗಿಸುವ ಸಾಧನಗಳಿಗಾಗಿ ಅಷ್ಟೊಂದು ಬುದ್ಧಿಯನ್ನು ವ್ಯಯಿಸಿದ ಆ ಶೋಧಕಾರ್ಯ, ನೆಲವನ್ನು ಬಲ್ಲವರ ಮಾತಿಗೆ ಸಕಾಲದಲ್ಲಿ ಕಿವಿಗೊಡದೆ ಹೋದದ್ದೇ ಅದರ ಬಹುದೊಡ್ಡ ಕೊರತೆ.