ಮಳೆಗೆ ನೆನೆದ ಜೋಳ

ಫಹಾಹೀಲಿನ ಅಂಗಡಿಗಳಲ್ಲಿ ಜೋಳದ ಹಿಟ್ಟು ಕೊಳ್ಳುವ ನಮಗೆ, ರೊಟ್ಟಿಯೇ ಕಾಯಿಲೆ ತಂದ ವರ್ಷವೊಂದು ನೆನಪಿರಲಾರದು. 1995ರಲ್ಲಿ ಕಟಾವಿನ ಹೊತ್ತಿಗೆ ಅಕಾಲ ಮಳೆ ಸುರಿದು, ಕರ್ನಾಟಕ-ಆಂಧ್ರಗಳ ದಖ್ಖನ್ ಸೀಮೆಯ ಹಲವು ಹಳ್ಳಿಗಳಲ್ಲಿ ಜೋಳಕ್ಕೂ ಗೋವಿನಜೋಳಕ್ಕೂ ಬೂಷ್ಟು ಹಿಡಿಯಿತು. ಬಡವರು ಅದನ್ನೇ ಬೀಸಿ ರೊಟ್ಟಿ ತಟ್ಟಿ ಉಂಡರು. ಹೊಟ್ಟೆನೋವು, ಭೇದಿ ಹರಡಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ ವಿ. ಭಟ್ ಮತ್ತು ಸಂಗಡಿಗರು ಆ ಕಾಳಿನಲ್ಲಿ ಫ್ಯುಸೇರಿಯಂ ಶಿಲೀಂಧ್ರದ ವಿಷವಾದ ಫ್ಯುಮೊನಿಸಿನ್ ಅನ್ನು ಗುರುತಿಸಿದರು. ಪೀಡಿತ ಮನೆಗಳ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ಆ ಜೋಳ ಬಿಟ್ಟವರು ಗುಣಮುಖರಾದರು. ಬಿಡಲು ಮನೆಯಲ್ಲಿ ಬೇರೆ ಕಾಳಿರಬೇಕಷ್ಟೆ.

ಭೇದಿಗೆ ಕೋಳಿಮರಿ ಸಾಕ್ಷಿಯಾಯಿತು. ವಾಂತಿಯ ಪರೀಕ್ಷೆ ಅಷ್ಟು ಸುಲಭವಲ್ಲ. ಪ್ರಯೋಗಶಾಲೆಯ ಇಲಿ ವಾಂತಿಯನ್ನೇ ಮಾಡಲಾರದು. ಫ್ಯುಸೇರಿಯಂ ಕುಲದ್ದೇ ಇನ್ನೊಂದು ವಿಷ ಡಿಯಾಕ್ಸಿನಿವಲೆನಾಲ್. ಅಮೆರಿಕದ ಒಹಾಯೊದಲ್ಲಿ 1972ರ ಬೂಷ್ಟು ಹಿಡಿದ ಗೋವಿನಜೋಳ ತಿಂದು ಹಂದಿಗಳು ಕಾರಿಕೊಂಡವು; ಮರುವರ್ಷ ವಿಜ್ಞಾನಿಗಳು ಅದರಲ್ಲಿದ್ದ ಆ ವಿಷಕ್ಕೆ ವಾಮಿಟಾಕ್ಸಿನ್ ಎಂದೇ ಹೆಸರಿಟ್ಟರು. ಮುಂದೆ ಮುಂಗುಸಿಯಷ್ಟು ದೊಡ್ಡದಾದ ಮಿಂಕ್ ಎಂಬ ಪ್ರಾಣಿಯಲ್ಲಿ ಅದರ ಬಗೆ ತಿಳಿಯಿತು: ವಿಷ ಸೇರಿದೊಡನೆ ರಕ್ತದಲ್ಲಿ ಸೆರೊಟೋನಿನ್ ಏರುತ್ತದೆ, ವಾಂತಿ ಶುರುವಾಗುತ್ತದೆ. ಕ್ಯಾನ್ಸರ್ ರೋಗಿಗಳ ವಾಂತಿಗೆ ಕೊಡುವ ಗ್ರಾನಿಸೆಟ್ರಾನ್ ಮದ್ದನ್ನು ಮೊದಲೇ ಕೊಟ್ಟರೆ ಅದು ತಡೆಯುತ್ತದೆ.