ನಾಲ್ಕು ಸಂದರ್ಭ, ನಾಲ್ಕು ಬಗೆಯ ಮಾತು

ಶಾಲೆಯ ಭಾಷಣ ಸ್ಪರ್ಧೆಗೆ ಹೊರಟ ಮಕ್ಕಳು ಆಗಾಗ ಮಸೀದಿಗೆ ಬಂದು ನನ್ನೆದುರು ಒಪ್ಪಿಸುತ್ತಾರೆ. ಯಾರೋ ಬರೆದುಕೊಟ್ಟ ಎರಡು ಪುಟವನ್ನು ಬಾಯಿಪಾಠ ಮಾಡಿ, ಗಂಟಲೇರಿಸಿ ಹೇಳಿದರೆ ಭಾಷಣವಾಯಿತೆಂದು ಅವರ ಎಣಿಕೆ. ಆದರೆ ಸಂದರ್ಭ ಬದಲಾದಂತೆ ಮಾತಿನ ಬಗೆಯೂ ಬದಲಾಗಬೇಕು. ನಮ್ಮ ಇತಿಹಾಸದ ನಾಲ್ಕು ಭಾಷಣಗಳನ್ನು ನೋಡಿ.

ಮೊದಲನೆಯದು ಮನವೊಲಿಸುವ ಭಾಷಣ. ಪ್ರವಾದಿ(ಸ)ರು ಸಫಾ ಬೆಟ್ಟವನ್ನೇರಿ ಕುರೈಶರನ್ನು ಕರೆದರು. ಈ ಬೆಟ್ಟದಾಚೆ ಸೈನ್ಯವಿದೆ ಎಂದರೆ ನಂಬುವಿರಾ ಎಂದು ಮೊದಲು ಕೇಳಿದರು. ನೀವು ಸುಳ್ಳಾಡಿದ್ದನ್ನು ನಾವು ಕಂಡಿಲ್ಲ ಎಂದು ಜನ ಒಪ್ಪಿದ ಮೇಲೆಯೇ ಎಚ್ಚರಿಕೆಯ ಸಂದೇಶ ನೀಡಿದರು. ಅಬೂಲಹಬ್ ಶಪಿಸಿ ಹೊರಟುಹೋದ, ನಿಜ. ಆದರೂ ಅವರನ್ನು ಸುಳ್ಳುಗಾರರೆನ್ನಲು ಅಲ್ಲಿ ಯಾರಿಗೂ ಆಧಾರವಿರಲಿಲ್ಲ. ಇಂಥ ಭಾಷಣಕ್ಕೆ ಮಾತನಾಡುವವನ ಬದುಕೇ ಬಂಡವಾಳ.

ಎರಡನೆಯದು ವಿವರಿಸುವ ಭಾಷಣ. ಅಬಿಸೀನಿಯಾಕ್ಕೆ ಹಿಜ್ರತ್ ಹೋದ ಮುಸ್ಲಿಮರನ್ನು ಹಿಂದಕ್ಕೆ ತರಲು ಕುರೈಶರು ಉಡುಗೊರೆಗಳೊಂದಿಗೆ ದೂತರನ್ನು ಕಳುಹಿಸಿದರು. ನಿರಾಶ್ರಿತರ ಮಾತು ಕೇಳದೆಯೇ ಅವರನ್ನು ಒಪ್ಪಿಸಬೇಕೆಂಬುದು ದೂತರ ಆಸೆ. ನಜ್ಜಾಶಿ ದೊರೆ ಒಪ್ಪಲಿಲ್ಲ. ಹಝ್ರತ್ ಜಅ್‌ಫರ್(ರ) ಎದ್ದು ನಿಂತರು. ನಾವು ಹಿಂದೆ ಹೇಗಿದ್ದೆವು, ಪ್ರವಾದಿ ಏನು ಕಲಿಸಿದರು, ನಮ್ಮ ಮೇಲೆ ಏನು ನಡೆಯಿತು, ಇಲ್ಲಿಗೇಕೆ ಬಂದೆವು ಎಂದು ಕ್ರಮವಾಗಿ ಹೇಳಿದರು. ದೊರೆ ಕೇಳಿದಾಗ ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ಕ್ರೈಸ್ತ ದೊರೆಯ ಕಣ್ಣು ತುಂಬಿತು. ಕೇಳುಗರನ್ನು ಅರಿತು ಆಯ್ದ ಮಾತು ಅದು.

ಮೂರನೆಯದು ಸಿದ್ಧತೆಯಿಲ್ಲದೆ ಆಡಬೇಕಾದ ಭಾಷಣ. ಕ್ರಿ.ಶ. 632ರಲ್ಲಿ ಪ್ರವಾದಿ(ಸ)ರು ನಿಧನರಾದಾಗ ಹಝ್ರತ್ ಉಮರ್(ರ)ರಂಥವರೂ ಅದನ್ನು ನಂಬಲಿಲ್ಲ. ಹಝ್ರತ್ ಅಬೂಬಕರ್(ರ) ಅಲ್ಲಾಹನಿಗೆ ಮರಣವಿಲ್ಲವೆಂದು ನೆನಪಿಸಿ, ಆಲಿ ಇಮ್ರಾನ್ ಸೂರಃದ 144ನೇ ಆಯತ್ ಓದಿದರು. ಕೆಲವೇ ವಾಕ್ಯಗಳಲ್ಲಿ ಮದೀನಾ ವಾಸ್ತವಕ್ಕೆ ಮರಳಿತು. ಬರೆದುಕೊಂಡ ಚೀಟಿ ಅವರಲ್ಲಿರಲಿಲ್ಲ. ಎದೆಯಲ್ಲಿ ಕುರ್‌ಆನ್ ಇತ್ತು.

ನಾಲ್ಕನೆಯದು ಮಹಾಸಭೆಯ ಭಾಷಣ. ಹಿಜರಿ 10ರ ಹಜ್ಜತುಲ್ ವದಾದಲ್ಲಿ, ಅರಫಾದ ಜನಸಾಗರದೆದುರು ಪ್ರವಾದಿ(ಸ)ರು ಅಜ್ಞಾನಕಾಲದ ಬಡ್ಡಿಯನ್ನು ರದ್ದುಪಡಿಸಿದರು. ಮೊದಲು ರದ್ದಾದದ್ದು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿ. ಕೊನೆಗೆ, ಸಂದೇಶ ತಲುಪಿಸಿದೆನೇ ಎಂದು ಜನರನ್ನೇ ಕೇಳಿದರು.

ಪೋಷಕರೇ, ನಮ್ಮ ಮಕ್ಕಳು ನಾಳೆ ತರಗತಿಯಲ್ಲಿ, ಕಚೇರಿಯಲ್ಲಿ, ಸಂದರ್ಶನದಲ್ಲಿ ತಮ್ಮ ಬಗ್ಗೆ ತಾವೇ ಹೇಳಬೇಕಾಗುತ್ತದೆ. ಅವರು ಸುಮ್ಮನಿದ್ದರೆ ಅವರ ಕಥೆಯನ್ನು ಬೇರೆಯವರು ಹೇಳುತ್ತಾರೆ. ನಜ್ಜಾಶಿಯ ಆಸ್ಥಾನದಲ್ಲೂ ಮೊದಲು ಮಾತನಾಡಿದವರು ಕುರೈಶರ ದೂತರೇ. ಈ ಶುಕ್ರವಾರ ಊಟದ ನಂತರ ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು ಜಅ್‌ಫರ್(ರ)ರ ಈ ಘಟನೆಯನ್ನು ಅವರದೇ ಮಾತಿನಲ್ಲಿ ಹೇಳಿಸಿ. ತಡವರಿಸಿದರೆ ತಡೆಯಬೇಡಿ, ಪೂರ್ತಿ ಕೇಳಿ. ನಾಲಿಗೆಯ ಗಂಟು ಬಿಚ್ಚೆಂದು ಮೂಸಾ(ಅ)ರೂ ಅಲ್ಲಾಹನಲ್ಲಿ ಬೇಡಿದ್ದರು. ನಮ್ಮ ಮಕ್ಕಳಿಗೂ ಅವನು ಸತ್ಯವಾದ, ಸ್ಪಷ್ಟವಾದ ಮಾತನ್ನು ಕರುಣಿಸಲಿ. ಆಮೀನ್.